ಮೃಗಯೆಯೂ ಜೀವದಯೆಯೂ

(ಮಹೋತ್ಸವದ ಸದ್ಧರ್ಮ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮೈಸೂರು ನಗರದಲ್ಲಿ 1900ನೆಯ ಇಸವಿಯ ಸುಮಾರಿಗೆ ಒಂದು ವಿಚಿತ್ರವಾದ ಕಾರ್ಖಾನೆಯು ಸ್ಥಾಪಿತವಾಯಿತು. ವಾನ್ ಇಂಗೆನ್ ಎಂಬ ಮನೆತನದವರು ನಡೆಯಿಸಿದ ಆ ಕಾರ್ಖಾನೆಯಲ್ಲಿ ನೂಲನ್ನಾಗಲಿ ಗಂಧದೆಣ್ಣೆಯನ್ನಾಗಲಿ ತಯಾರಿಸುತ್ತಿರಲಿಲ್ಲ. ಸತ್ತ ಮೃಗವನ್ನು ಬದುಕಿರುವಂತೆ ತೋರಿಸುವುದೇ ಅಲ್ಲಿಯ ಕಸುಬು. ಬೇಟೆಗಾರರು ಕಳುಹಿಸಿದ ಚರ್ಮವನ್ನು ಹದಮಾಡಿ, ಕಾಗದದ ಮುದ್ದೆಯಿಂದ ಮಾಡಿದ ಒಡಲಿಗೆ ಅದನ್ನು ಹೊದಿಸಿ, ಗಾಜಿನ ಕಣ್ಣುಗಳನ್ನಿಟ್ಟು, ಗರ್ಜಿಸುವಂತೆ ಬಾಯನ್ನು ತೆರೆಯಿಸಿ, ಪೆಟ್ಟಿಗೆಯಲ್ಲಿ ತುಂಬಿ ಒಡೆಯನಿಗೆ ಮರಳಿಸುವರು. ಭಾರತದ ಅರಸರು, ಆಂಗ್ಲ ಅಧಿಕಾರಿಗಳು, ದೂರದೇಶದ ಧನಿಕರು ಎಲ್ಲರೂ ಅಲ್ಲಿಗೆ ಚರ್ಮಗಳನ್ನು ಕಳುಹಿಸಿದರು. 1999ರಲ್ಲಿ ಅದರ ಬಾಗಿಲು ಮುಚ್ಚುವವರೆಗೆ ಹತ್ತಾರು ಸಾವಿರ ಹುಲಿ ಚಿರತೆಗಳ ಚರ್ಮಗಳು ಆ ಮನೆಯ ಮೂಲಕ ಹಾದುಹೋದವು.

ಆ ಕೆಲಸಗಾರರ ಕೈಚಳಕವು ಲೋಕಪ್ರಸಿದ್ಧವಾದುದು. ಅದನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ವಿಚಾರಿಸತಕ್ಕ ಮಾತೊಂದಿದೆ. ಗುಂಡು ತಾಗಿದಾಗ ಆ ಹುಲಿಯು ನೀರು ಕುಡಿಯುತ್ತಿದ್ದಿರಬಹುದು, ಸೋವುವವರ ತಮಟೆಯ ಸದ್ದಿಗೆ ಹೆದರಿ ಓಡುತ್ತಿದ್ದಿರಬಹುದು, ಮರಿಗಳ ಬಳಿಗೆ ಹೋಗುತ್ತಿದ್ದಿರಬಹುದು. ಗೋಡೆಗೆ ಬಂದ ಮೇಲೆ ಮಾತ್ರ ಅದು ಕೋರೆಹಲ್ಲು ತೆರೆದು ಮೈಮೇಲೆ ಬೀಳುವಂತೆ ನಿಲ್ಲಬೇಕು. ಸತ್ತ ಬಳಿಕ ಅದಕ್ಕೆ ಸಿಟ್ಟನ್ನು ತೊಡಿಸಿದುದು ಯಾರ ಸಲುವಾಗಿ? ಕೊಂದವನ ಶೌರ್ಯವು ನೋಡುವವರಿಗೆ ಕಾಣಲೆಂಬ ಕಾರಣಕ್ಕಾಗಿಯೇ ಅಲ್ಲವೇ? ಇಂತಹ ಬೇಟೆಯ ಕುರುಹಿಗೆ ಆಂಗ್ಲರು ‘ಟ್ರೋಫಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ವಿಜಯಚಿಹ್ನೆ ಎನ್ನಬಹುದು. ಈ ಚಿಹ್ನೆಗಾಗಿಯೇ ಮಾಡುವ ಮೃಗವಧೆಯು ಧರ್ಮವೋ ಅಧರ್ಮವೋ ಎಂಬುದೇ ಪ್ರಕೃತ ವಿಚಾರವು.

ಬೇಟೆಯೆಂಬುದು ಒಂದೇ ಬಗೆಯದಲ್ಲ. ಕಾಡಿನಲ್ಲಿ ಹುಟ್ಟಿ ಬೆಳೆದು ಬೇರೆ ಆಹಾರವಿಲ್ಲದವನು ಹೊಟ್ಟೆಗಾಗಿ ಕೊಲ್ಲುವುದು ಒಂದು. ಊರಿಗೆ ನುಗ್ಗಿ ಮನುಷ್ಯರನ್ನು ತಿನ್ನುವ ಮೃಗವನ್ನು ಗತ್ಯಂತರವಿಲ್ಲದೆ ಕೊಲ್ಲುವುದು ಇನ್ನೊಂದು. ಹಸಿವೂ ಇಲ್ಲದೆ, ಭಯವೂ ಇಲ್ಲದೆ, ತಲೆಯನ್ನೋ ಕೊಂಬನ್ನೋ ಚರ್ಮವನ್ನೋ ಮನೆಯಲ್ಲಿ ತೂಗುಹಾಕುವ ಆಸೆಯಿಂದ ಕೊಲ್ಲುವುದು ಮೂರನೆಯದು. ಮೊದಲಿನೆರಡನ್ನು ಮೂರನೆಯದರೊಡನೆ ಬೆರೆಯಿಸಿ ಮಾತನಾಡುವುದರಿಂದಲೇ ಈ ವಿಷಯದಲ್ಲಿ ಗೊಂದಲವುಂಟಾಗಿದೆ. ಬೇಡರ ಕಣ್ಣಪ್ಪನು ಬೇಟೆಗಾರನಾಗಿದ್ದನಲ್ಲವೇ, ಪುರಾತನರಲ್ಲಿ ಅವನಿಗೆ ಅಗ್ರಸ್ಥಾನವಿಲ್ಲವೇ ಎಂದು ಕೇಳುವವರುಂಟು. ಅಹುದು. ಆದರೆ ಕಣ್ಣಪ್ಪನು ಕುಲವೃತ್ತಿಯಿಂದ ಬೇಟೆಯಾಡಿದನು, ತಂದುದನ್ನು ದೇವರಿಗೆ ಮೀಸಲಿಟ್ಟನು, ಕಡೆಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟನು. ಲೋಕವು ಅವನನ್ನು ನೆನೆಯುವುದು ಅವನು ತೆಗೆದುಕೊಂಡ ಪ್ರಾಣಗಳಿಗಾಗಿ ಅಲ್ಲ, ಕೊಟ್ಟ ಕಣ್ಣಿಗಾಗಿ.

ರಾಜರಿಗೆ ಮೃಗಯೆಯು ವಿಹಿತವೆಂಬ ಮಾತೂ ಪೂರ್ಣವಾಗಿ ನಿಲ್ಲುವುದಿಲ್ಲ. ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೂ ಎಣಿಸಿರುವನು. ಕೌಟಿಲ್ಯನೂ ಜೂಜು, ಮದ್ಯಪಾನ ಮುಂತಾದವುಗಳ ಸಾಲಿನಲ್ಲಿಯೇ ಅದನ್ನಿಟ್ಟಿರುವನು. ಇತಿಹಾಸಪುರಾಣಗಳು ಹೇಳುವುದೂ ಇದನ್ನೇ. ದಶರಥನು ಕತ್ತಲೆಯಲ್ಲಿ ಸದ್ದನ್ನು ಕೇಳಿ ಆನೆಯೆಂದು ಬಾಣ ಬಿಟ್ಟನು. ಬಿದ್ದವನು ಕುರುಡ ತಂದೆತಾಯಿಗಳಿಗೆ ನೀರು ತರಲು ಬಂದ ಬಾಲಕನು. ಆ ಒಂದು ಬಾಣದಿಂದ ಅಯೋಧ್ಯೆಗೆ ಪುತ್ರಶೋಕವು ಬಂದಿತು. ಪಾಂಡುರಾಜನು ಹುಲ್ಲೆಯ ರೂಪದಲ್ಲಿದ್ದ ಋಷಿಯನ್ನು ಕೊಂದು ಶಾಪಗ್ರಸ್ತನಾದನು. ಎರಡು ಮಹಾಕಾವ್ಯಗಳ ದುಃಖದ ಬೇರೂ ಬೇಟೆಯ ವಿನೋದದಲ್ಲಿದೆಯೆಂಬುದು ಆಕಸ್ಮಿಕವೆಂದು ತೋರುವುದಿಲ್ಲ.

ಕನ್ನಡ ನಾಡಿನ ಕವಿಗಳು ಈ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವರು. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ಕೊಂದುದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬಳಲಿದರು. ಜೈನಕವಿಯ ಈ ತತ್ತ್ವವನ್ನು ಶರಣಧರ್ಮವೂ ಅಲ್ಲಗಳೆಯುವುದಿಲ್ಲ. ಸಕಲ ಜೀವಿಗಳಲ್ಲಿ ದಯೆಯಿಲ್ಲದವನ ಪೂಜೆಯು ಪೂಜೆಯೇ ಅಲ್ಲವೆಂಬುದು ಶರಣರ ಬೋಧೆಯ ತಿರುಳು. ಹಿಟ್ಟಿನ ಕೋಳಿಗೆ ಎತ್ತಿದ ಕತ್ತಿಗೇ ಇಷ್ಟು ಫಲವಾದರೆ, ಕೇವಲ ಗೋಡೆಯ ಅಲಂಕಾರಕ್ಕಾಗಿ ಜೀವಂತ ಸಿಂಹಕ್ಕೆ ಗುರಿಯಿಟ್ಟ ಸಂಕಲ್ಪಕ್ಕೆ ಏನೆನ್ನಬೇಕು?

ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವು ಇಲ್ಲಿ ನೆನಪಿಗೆ ಬರುವುದು. ಕ್ರಿ. ಶ. 949-50ರ ಆ ಶಾಸನದಲ್ಲಿ ಕಾಳಿ ಎಂಬ ನಾಯಿಯ ವೃತ್ತಾಂತವಿದೆ. ಗಂಗರ ಬೂತುಗನಿಂದ ಮಣಲೆರನೆಂಬ ವೀರನು ಮೆಚ್ಚುಗೆಯಾಗಿ ಬೇಡಿ ಪಡೆದ ನಾಯಿಯದು. ಬೇಟೆಯಲ್ಲಿ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ ಅದರ ಪೂಜೆಗೆ ಭೂಮಿಯನ್ನು ಬಿಡಿಸಿದನು. ಅದೂ ಬೇಟೆಯೇ, ಸಂದೇಹವಿಲ್ಲ. ಆದರೆ ಈ ನಾಡಿನ ಹಿರಿಯರು ಕಲ್ಲು ನಿಲ್ಲಿಸಿದುದು ಪ್ರಾಣವನ್ನು ಕೊಟ್ಟವರಿಗೆ. ಊರಿನ ದನಕರುಗಳ ಸಲುವಾಗಿ ಹುಲಿಯೊಡನೆ ಕಾದಿ ಮಡಿದವರಿಗೂ ವೀರಗಲ್ಲುಗಳುಂಟು. ವಿಜಯಚಿಹ್ನೆಯ ರೀತಿಯು ಇದಕ್ಕೆ ವಿರುದ್ಧವಾದುದು. ಅಲ್ಲಿ ಸತ್ತುದರ ತಲೆಯು ಬದುಕಿದವನ ಹೊಗಳಿಕೆಯನ್ನು ಹೇಳಬೇಕು.

ಇನ್ನು ಈ ವ್ಯಸನವು ಭಾರತ ದೇಶದಲ್ಲಿ ಮಾಡಿದ ಹಾನಿಯನ್ನು ಸಂಕ್ಷೇಪವಾಗಿ ನೋಡೋಣ. 1911ರಲ್ಲಿ ದೆಹಲಿಯ ದರ್ಬಾರು ಮುಗಿದ ತರುವಾಯ ಚಕ್ರವರ್ತಿ ಐದನೆಯ ಜಾರ್ಜನು ನೇಪಾಳದ ತರಾಯಿಗೆ ಬೇಟೆಗೆ ಹೋದನು. ಆ ಒಂದು ಬೇಟೆಯಲ್ಲಿ 39 ಹುಲಿಗಳೂ 18 ಖಡ್ಗಮೃಗಗಳೂ ಬಿದ್ದವು. ಸುರಗುಜಾ ಸಂಸ್ಥಾನದ ಮಹಾರಾಜರೊಬ್ಬರು ತಮ್ಮ ಜೀವಮಾನದಲ್ಲಿ ಸಾವಿರಕ್ಕೂ ಮಿಕ್ಕಿ ಹುಲಿಗಳನ್ನು ಕೊಂದರೆಂದು ಪ್ರಸಿದ್ಧಿಯಿದೆ. 1947ರಲ್ಲಿ ಕೊರಿಯಾ ಸಂಸ್ಥಾನದ ಅರಸರು ರಾತ್ರಿಯ ವೇಳೆಯಲ್ಲಿ ಮೂರು ಚೀತಾಗಳನ್ನು ಕೊಂದರು. ಈ ದೇಶದಲ್ಲಿ ಚೀತಾಗಳು ಕಂಡುದಕ್ಕೆ ಸಾಮಾನ್ಯವಾಗಿ ಒಪ್ಪಿರುವ ಕಡೆಯ ದಾಖಲೆಯು ಅದೇ. 1952ರಲ್ಲಿ ಆ ಮೃಗವು ಭಾರತದಿಂದ ನಿರ್ನಾಮವಾಯಿತೆಂದು ಸಾರಲಾಯಿತು. ಎಪ್ಪತ್ತು ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ, ನಮೀಬಿಯಾ ದೇಶದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಅರಣ್ಯದಲ್ಲಿ ಬಿಡಬೇಕಾಯಿತು. ಮನೆಯ ದೀಪವನ್ನು ತಾನೇ ಆರಿಸಿ, ನೆರೆಯವರ ಮನೆಗೆ ಕಿಡಿಯನ್ನು ಬೇಡಹೋದಂತಾಯಿತು. ಚೀತಾಗಳ ಅಳಿವಿಗೆ ಹುಲ್ಲುಗಾವಲು ಹೊಲವಾದುದು, ಮರಿಗಳನ್ನು ಹಿಡಿದು ಸಾಕಿದುದು ಮುಂತಾದ ಬೇರೆ ಕಾರಣಗಳೂ ಉಂಟು. ಕೋವಿಯೂ ಅವುಗಳಲ್ಲಿ ಒಂದು.

ಬೇಟೆಗಾರರಲ್ಲಿಯೇ ಕೆಲವರ ಕಣ್ಣು ತೆರೆದುದೂ ಸತ್ಯವು. ಲಾರ್ಡ್ ಕರ್ಜನನು 1900ರಲ್ಲಿ ಜುನಾಗಢಕ್ಕೆ ಹೋದಾಗ, ಗೀರ್ ಅರಣ್ಯದಲ್ಲಿ ಸಿಂಹಗಳು ಅತ್ಯಲ್ಪವಾಗಿ ಉಳಿದಿವೆಯೆಂದು ತಿಳಿದು ತಾನು ಬೇಟೆಯನ್ನು ಬಿಟ್ಟು, ಅವುಗಳನ್ನು ಕಾಪಾಡುವಂತೆ ನವಾಬರಿಗೆ ಹೇಳಿದನು. ಅಂದು ಬೆರಳೆಣಿಕೆಗೆ ಬಂದಿದ್ದ ಆ ಸಂತತಿಯು 2025ರ ಗಣತಿಯಲ್ಲಿ 891 ಆಗಿದೆ. ನರಭಕ್ಷಕ ಹುಲಿಗಳನ್ನು ಕೊಂದು ಕುಮಾವೂನಿನ ಹಳ್ಳಿಗಳನ್ನು ಕಾಪಾಡಿದ ಜಿಮ್ ಕಾರ್ಬೆಟ್ಟನು ಮುಂದೆ ಕೋವಿಯನ್ನು ಬಿಟ್ಟು ಛಾಯಾಚಿತ್ರದ ಪೆಟ್ಟಿಗೆಯನ್ನು ಹಿಡಿದನು. ಅವನಿಗೆ ಆ ದಾರಿಯನ್ನು ತೋರಿಸಿದ ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು 1927ರಲ್ಲಿಯೇ ಹುಲಿಯ ಚಿತ್ರಗಳ ಗ್ರಂಥವನ್ನು ಪ್ರಕಟಿಸಿದ್ದನು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದ ಪ್ರದೇಶವು 1941ರಲ್ಲಿ ವೇಣುಗೋಪಾಲ ವನ್ಯಮೃಗೋದ್ಯಾನವಾಯಿತು. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಲಿಯು ಹುಟ್ಟಿದಾಗ ಅದರ ಪ್ರಥಮಾಧ್ಯಕ್ಷರಾದವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಅಭ್ಯಾಸವು ಎಷ್ಟು ಹಳೆಯದಾದರೂ ಬಿಡಬಹುದೆಂಬುದಕ್ಕೆ ಇವು ನಿದರ್ಶನಗಳು.

1970ರಲ್ಲಿ ಹುಲಿಬೇಟೆಯು ನಿಷಿದ್ಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾರಿಯಾಯಿತು. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಸಿಕ್ಕಿದ ಹುಲಿಗಳು 1,827 ಮಾತ್ರ. 1973ರಲ್ಲಿ ಹುಲಿ ಯೋಜನೆಯು ಒಂಬತ್ತು ಅರಣ್ಯಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯ ಅಂದಾಜು 3,682, ಕರ್ಣಾಟಕದಲ್ಲಿಯೇ 563. ನಡುವೆ ಕಳ್ಳಬೇಟೆಯಿಂದ ಇಳಿತಗಳೂ ಆದವು, ಎಣಿಸುವ ಕ್ರಮವೂ ಬದಲಾಯಿತು. ಆದರೂ ಈ ಅಭಿವೃದ್ಧಿಯು ಒಂದೇ ಒಂದು ಹುಲಿಯ ತಲೆಯನ್ನೂ ಹಣಕ್ಕೆ ಮಾರದೆ ಆಯಿತೆಂಬುದನ್ನು ಮರೆಯಬಾರದು.

ಭಾರತದಲ್ಲಿ ನಿಂತುಹೋದ ಈ ವ್ಯಸನವು ಬೇರೆ ಖಂಡಗಳಲ್ಲಿ ವ್ಯಾಪಾರವಾಗಿ ನಡೆದಿದೆ. ಆಫ್ರಿಕಾ ಖಂಡದ ಜಿಂಬಾಬ್ವೆ ದೇಶದಲ್ಲಿ ಹ್ವಾಂಗೆ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಸೆಸಿಲ್ ಎಂಬ ಹೆಸರಿನ ಸಿಂಹವೊಂದಿದ್ದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಂಡಿತರು ಅದರ ಸಂಚಾರವನ್ನು ತಿಳಿಯಲೋಸುಗ ಕೊರಳಿಗೆ ಪಟ್ಟಿಯನ್ನು ಕಟ್ಟಿದ್ದರು. 2015ರ ಜುಲೈ ತಿಂಗಳ ಆರಂಭದಲ್ಲಿ ಅಮೆರಿಕದಿಂದ ಬಂದ ಧನಿಕನೊಬ್ಬನು ಉದ್ಯಾನದ ಎಲ್ಲೆಯ ಹೊರಗೆ ಅದಕ್ಕೆ ಬಾಣವನ್ನು ಬಿಟ್ಟನು. ಸಿಂಹವು ಕೂಡಲೆ ಸಾಯಲಿಲ್ಲ. ಗಾಯಗೊಂಡು ಹಲವು ಗಂಟೆಗಳ ಕಾಲ ನರಳಿದ ಬಳಿಕ ಅದನ್ನು ಹುಡುಕಿ ಕೊಂದರು. ತಲೆಯನ್ನೂ ಚರ್ಮವನ್ನೂ ತೆಗೆದುಕೊಂಡು ಒಡಲನ್ನು ಅಲ್ಲಿಯೇ ಬಿಟ್ಟರು. ಲೋಕದ ನಾನಾ ಭಾಗಗಳಲ್ಲಿ ಜನರು ಮರುಗಿದರು. ಆ ವರ್ಷದಲ್ಲಿಯೇ ಫ್ರಾನ್ಸ್ ದೇಶವು ಸಿಂಹದ ವಿಜಯಚಿಹ್ನೆಗಳನ್ನು ತರುವುದನ್ನು ನಿಷೇಧಿಸಿತು. ಆಸ್ಟ್ರೇಲಿಯಾ ಅದಕ್ಕೂ ಕೆಲವು ತಿಂಗಳ ಮುಂಚೆಯೇ ನಿಷೇಧಿಸಿದ್ದಿತು. ಆದರೂ 2017ರಲ್ಲಿ ಸೆಸಿಲನ ಮಗನಾದ ಕ್ಸಾಂಡಾ ಎಂಬ ಸಿಂಹವೂ ಅದೇ ರೀತಿಯಲ್ಲಿ, ಕೊರಳ ಪಟ್ಟಿಯೊಡನೆಯೇ, ಬೇಟೆಗಾರನ ಗುಂಡಿಗೆ ಬಿದ್ದಿತು.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಬೇಟೆಯ ಪರವಾಗಿ ಮಾತನಾಡುವವರೆಲ್ಲರೂ ಕ್ರೂರಿಗಳಲ್ಲ. ಅವರು ಹೇಳುವುದೇನೆಂದರೆ: ಕಾಡನ್ನು ಕಾಯಲು ಹಣ ಬೇಕು; ಒಬ್ಬ ಧನಿಕನು ಒಂದು ಮುದಿ ಮೃಗಕ್ಕೆ ಕೊಡುವ ಹಣದಿಂದ ನೂರು ಮೃಗಗಳು ಉಳಿಯುವುವು; ಕಾಡಿನಂಚಿನ ಬಡವರಿಗೆ ಕೂಲಿಯೂ ಮಾಂಸವೂ ಸಿಗುವುವು. 2014ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಮೀಬಿಯಾದ ಒಂದು ಕಪ್ಪು ಖಡ್ಗಮೃಗವನ್ನು ಕೊಲ್ಲುವ ಪರವಾನಗಿಯು 3,50,000 ಡಾಲರುಗಳಿಗೆ ಹರಾಜಾಯಿತು. ಆ ಹಣವು ಖಡ್ಗಮೃಗಗಳ ರಕ್ಷಣೆಗೇ ಹೋಗುವುದೆಂದು ಹೇಳಿದರು. ಬೋಟ್ಸ್ವಾನಾ ದೇಶವು 2014ರಲ್ಲಿ ಬೇಟೆಯನ್ನು ನಿಲ್ಲಿಸಿ, ಆನೆಗಳಿಂದ ರೈತರಿಗಾಗುವ ಕಷ್ಟವನ್ನು ಹೇಳಿ 2019ರಲ್ಲಿ ಮತ್ತೆ ತೆರೆಯಿತು. ಕೀನ್ಯಾ ದೇಶವು 1977ರಿಂದ ಬೇಟೆಯನ್ನು ನಿಷೇಧಿಸಿದ್ದರೂ ಅಲ್ಲಿಯ ಹುಲ್ಲುಗಾವಲುಗಳ ವನ್ಯಮೃಗಗಳು ಆಮೇಲಿನ ದಶಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಗ್ಗಿದವು. ಇದು ಸತ್ಯವಾದುದರಿಂದ ಮುಚ್ಚಿಡತಕ್ಕದ್ದಲ್ಲ.

ಇದಕ್ಕೆ ಸಿದ್ಧಾಂತವೇನು? ಮೊದಲನೆಯದಾಗಿ, ವಿಜಯಚಿಹ್ನೆಯನ್ನು ಬಯಸುವವನು ಮುದಿಯಾದುದನ್ನೋ ರೋಗದಿಂದ ಬಳಲುವುದನ್ನೋ ಬಯಸುವವನಲ್ಲ. ಕೇಸರವು ದಟ್ಟವಾದ ಸಿಂಹ, ದಂತವು ನೀಳವಾದ ಆನೆ, ಕೊಂಬು ಭಾರವಾದ ಟಗರು, ಇವೇ ಅವನಿಗೆ ಬೇಕಾದುವು. ಹಸಿದ ಹುಲಿಯು ಕುಂಟುವ ಜಿಂಕೆಯನ್ನು ಹಿಡಿಯುವುದು. ಧನಿಕನ ಕೋವಿಯು ಹಿಂಡಿನ ತಿಲಕವನ್ನು ಹುಡುಕುವುದು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ರಾಮ್ ಪರ್ವತದಲ್ಲಿ ದೊಡ್ಡ ಕೊಂಬಿನ ಕಾಡುಟಗರುಗಳನ್ನೇ ಹುಡುಕಿ ಕೊಲ್ಲುತ್ತ ಬಂದುದರಿಂದ, ಕಾಲಕ್ರಮದಲ್ಲಿ ಆ ಸಂತತಿಯ ಕೊಂಬುಗಳೇ ಕಿರಿದಾದುವೆಂದು ಪಂಡಿತರು 2003ರಲ್ಲಿ ಪ್ರಕಟಿಸಿದರು. ಬೀಜಕ್ಕೆಂದಿಟ್ಟ ಉತ್ತಮವಾದ ತೆನೆಯನ್ನು ವರ್ಷವರ್ಷವೂ ಬೇಯಿಸಿ ತಿಂದರೆ ಹೊಲವು ಏನಾಗುವುದೆಂಬುದನ್ನು ರೈತನಾದವನಿಗೆ ಹೇಳಬೇಕಾಗಿಲ್ಲ. ಸಿಂಹದ ಕುಟುಂಬದಲ್ಲಿಯಂತೂ ಯಜಮಾನನು ಸತ್ತರೆ, ಹೊಸದಾಗಿ ಬರುವ ಗಂಡು ಹಳೆಯದರ ಎಳೆಮರಿಗಳನ್ನು ಸಾಮಾನ್ಯವಾಗಿ ಕೊಲ್ಲುವುದು. ಆದಕಾರಣ ಒಂದು ಗುಂಡಿಗೆ ಬೀಳುವುದು ಒಂದೇ ಪ್ರಾಣವಲ್ಲ.

ಎರಡನೆಯದಾಗಿ, ಹಣದಿಂದ ಒಳ್ಳೆಯದಾಗುವುದೆಂಬ ಮಾತ್ರಕ್ಕೆ ಹಣ ಬಂದ ಮಾರ್ಗವು ಒಳ್ಳೆಯದಾಗುವುದಿಲ್ಲ. ಕಾಯಕದ ಶುದ್ಧಿಯಿಲ್ಲದ ದ್ರವ್ಯದಿಂದ ದಾಸೋಹವನ್ನು ಮಾಡಲಾಗದೆಂಬುದು ಶರಣರ ನಿಷ್ಠೆಯು. ಮೃಗದ ರಕ್ಷಣೆಗೆ ಹಣವನ್ನು ಕೊಡುವ ಮನಸ್ಸು ಧನಿಕನಿಗೆ ನಿಜವಾಗಿಯೂ ಇದ್ದರೆ, ಕೊಲ್ಲದೆಯೇ ಕೊಡಲು ಅವನನ್ನು ತಡೆಯುವವರಾರು? ಮೂರೂವರೆ ಲಕ್ಷ ಡಾಲರುಗಳನ್ನು ದಾನಮಾಡಿ ಖಡ್ಗಮೃಗವನ್ನು ಬದುಕಗೊಟ್ಟಿದ್ದರೆ ಹಣವೂ ಇರುತ್ತಿದ್ದಿತು, ಮೃಗವೂ ಇರುತ್ತಿದ್ದಿತು.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವು. ಕೀನ್ಯಾದ ನಿದರ್ಶನದಿಂದ ತಿಳಿಯುವುದೇನೆಂದರೆ, ನಿಷೇಧವೊಂದೇ ಸಾಲದು. ಬೇಟೆಯನ್ನು ಬೇಡವೆಂದವನು ಕಾಡಿನಂಚಿನ ಬಡವನ ಭಾರವನ್ನು ಹೊರಲೂ ಸಿದ್ಧನಿರಬೇಕು. ಹಾಸನ, ಕೊಡಗು, ಚಾಮರಾಜನಗರ ಸೀಮೆಗಳಲ್ಲಿ ಆನೆ ತುಳಿದ ಭತ್ತದ ಗದ್ದೆಯ ಮುಂದೆ ನಿಂತ ಒಕ್ಕಲಿಗನಿಗೆ ದಯೆಯನ್ನು ಉಪದೇಶಿಸುವುದು ಸುಲಭ; ಅವನ ಕಣಜವನ್ನು ತುಂಬುವುದು ಕಷ್ಟ. ಮನೆಯವನನ್ನು ಆನೆಯ ತುಳಿತದಲ್ಲಿಯೋ ಹುಲಿಯ ಬಾಯಲ್ಲಿಯೋ ಕಳೆದುಕೊಂಡ ತಾಯಿಗೆ ಸಮಾಧಾನ ಹೇಳುವ ಬಾಯಿ ಯಾರಿಗಿದೆ? ಮೃಗದಯೆಯ ವೆಚ್ಚವೆಲ್ಲವನ್ನೂ ಬಡವನ ತಲೆಯ ಮೇಲೆ ಹೊರಿಸಿ, ಪುಣ್ಯವನ್ನು ಮಾತ್ರ ಪಟ್ಟಣದವರು ಪಡೆಯುವುದಾದರೆ ಅದು ದಯೆಯಲ್ಲ, ದಯೆಯ ವೇಷವು. ಸರ್ಕಾರದ ಪರಿಹಾರವು ಕಾಲಕ್ಕೆ ಸರಿಯಾಗಿ ಅವನ ಕೈಸೇರುವಂತೆ ಅರ್ಜಿಯನ್ನು ಬರೆದುಕೊಡುವುದು, ಬೆಳೆ ಹೋದ ವರ್ಷ ಬೀಜವನ್ನೂ ಕಾಳನ್ನೂ ಒದಗಿಸುವುದು, ಅನಾಥರಾದ ಮಕ್ಕಳನ್ನು ಪ್ರಸಾದನಿಲಯದಲ್ಲಿ ಸೇರಿಸಿಕೊಳ್ಳುವುದು, ಇವು ಭಕ್ತಸಮೂಹದ ಕೈಲಾಗದ ಕೆಲಸಗಳಲ್ಲ.

ಇನ್ನು ಮನೆಯೊಳಗಿನ ಮಾತು. ಅಮೆರಿಕದವನನ್ನು ಹಳಿಯುವ ಮೊದಲು ನಮ್ಮ ನಮ್ಮ ಪಡಸಾಲೆಯ ಗೋಡೆಯನ್ನು ನೋಡಿಕೊಳ್ಳುವುದು ಲೇಸು. ಅಜ್ಜನ ಕಾಲದ ಕಡವೆಯ ಕೊಂಬು, ಮಗುವಿನ ಕೊರಳಿನ ಹುಲಿಯುಗುರು, ಪೂಜಾಗೃಹದ ಜಿಂಕೆಯ ಚರ್ಮ, ಇವು ಎಷ್ಟೋ ಭಕ್ತರ ಮನೆಗಳಲ್ಲಿ ಉಂಟು. 1972ರ ಕಾಯಿದೆಯು ‘ಟ್ರೋಫಿ’ ಎಂಬ ಶಬ್ದದಲ್ಲಿ ಚರ್ಮ, ಕೊಂಬು, ಉಗುರು, ಹಲ್ಲು, ದಂತಗಳೆಲ್ಲವನ್ನೂ ಸೇರಿಸಿದೆ. ಒಡೆತನದ ಪ್ರಮಾಣಪತ್ರವಿಲ್ಲದೆ ಇವುಗಳನ್ನು ಇಟ್ಟುಕೊಳ್ಳುವುದೇ ಅಪರಾಧವು. ಹುಲಿ ಮುಂತಾದ ಮೃಗಗಳ ವಿಷಯದಲ್ಲಿ ಮೂರು ವರ್ಷಗಳಿಗೆ ಕಡಮೆಯಿಲ್ಲದೆ ಏಳು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯುಂಟು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ವಿಚಾರವು ಕರ್ಣಾಟಕದಲ್ಲಿ ಮನೆಮನೆಯ ಮಾತಾಯಿತು. ತರುವಾಯ, 2024ರ ಆರಂಭದಲ್ಲಿ, ಅಂಥ ವಸ್ತುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ಸರ್ಕಾರವು ಅವಕಾಶವನ್ನು ಸಾರಿತು. ಕಾಯಿದೆಯ ಭಯವು ಒಂದು ಕಡೆಗಿರಲಿ. ಹುಲಿಯುಗುರು ಮಗುವಿಗೆ ಧೈರ್ಯವನ್ನು ಕೊಡುವುದೆಂಬ ನಂಬಿಕೆಯು ಕೊರಳಲ್ಲಿ ಇಷ್ಟಲಿಂಗವಿರುವವನಿಗೆ ಒಪ್ಪುವುದೇ? ಉಗುರಿನಿಂದ ಧೈರ್ಯವು ಬರುವುದಾಗಿದ್ದರೆ, ಹದಿನೆಂಟು ಉಗುರುಗಳಿದ್ದ ಹುಲಿಯೇ ಗುಂಡಿಗೆ ಬೀಳುತ್ತಿರಲಿಲ್ಲ.

ಪರಶಿವನೇ ವ್ಯಾಘ್ರಚರ್ಮವನ್ನು ಧರಿಸಿಲ್ಲವೇ, ಗುರುಪೀಠಗಳಲ್ಲಿ ಅಜಿನವನ್ನು ಹಾಸುವುದು ಸಂಪ್ರದಾಯವಲ್ಲವೇ ಎಂಬುದು ಕಡೆಯ ಪೂರ್ವಪಕ್ಷವು. ದಾರುಕಾವನದ ಋಷಿಗಳು ಅಹಂಕಾರದಿಂದ ಹುಲಿಯನ್ನು ಸೃಷ್ಟಿಸಿ ಶಿವನ ಮೇಲೆ ಬಿಟ್ಟರೆಂದೂ, ಅವನು ಅದನ್ನು ಅಡಗಿಸಿ ಚರ್ಮವನ್ನು ಹೊದೆದನೆಂದೂ ಪುರಾಣವು ಹೇಳುವುದು. ಆ ಚರ್ಮವು ಅಹಂಕಾರವನ್ನು ಗೆದ್ದುದರ ಕುರುಹು. ಬೇಟೆಗಾರನ ಗೋಡೆಯ ಚರ್ಮವಾದರೋ ಅಹಂಕಾರವನ್ನು ಬೆಳೆಯಿಸಿದುದರ ಕುರುಹು. ಎರಡಕ್ಕೂ ಹೋಲಿಕೆಯೆಲ್ಲಿ? ಆಸನದ ಮಹಿಮೆಯು ಹಾಸಿದ ವಸ್ತುವಿನಿಂದ ಬರತಕ್ಕದ್ದಲ್ಲ, ಅದರ ಮೇಲೆ ಕುಳಿತವರ ಜ್ಞಾನ ವೈರಾಗ್ಯಗಳಿಂದ ಬರತಕ್ಕದ್ದು. ಕುರುಬನು ಕುರಿಯನ್ನು ಕೊಲ್ಲದೆ ಉಣ್ಣೆಯನ್ನು ಕತ್ತರಿಸಿ ನೇಯ್ದ ಕರಿಯ ಕಂಬಳಿಯ ಗದ್ದಿಗೆಯು ಈ ನಾಡಿನಲ್ಲಿ ಎಂದಿನಿಂದಲೂ ಪವಿತ್ರವೆನಿಸಿದೆ. ಭಕ್ತರಾದವರು ಗುರುಪೀಠಕ್ಕೆ ಕಾಣಿಕೆ ಕೊಡುವಾಗ ಚರ್ಮವನ್ನು ತರದೆ ಕಂಬಳಿಯನ್ನು ತಂದರೆ ಕುರುಬನ ಕಾಯಕಕ್ಕೂ ಮಾನವಾಯಿತು, ಕಾಡಿನ ಜೀವಕ್ಕೂ ಅಭಯವಾಯಿತು.

ಆದಕಾರಣ ಈ ಮಹೋತ್ಸವದ ಶುಭಸಂದರ್ಭದಲ್ಲಿ ಸದ್ಭಕ್ತರು ಕೈಕೊಳ್ಳತಕ್ಕ ವ್ರತಗಳು ಮೂರು. ವಿನೋದಕ್ಕಾಗಿ ಯಾವ ಪ್ರಾಣಿಯನ್ನೂ ಕೊಲ್ಲದಿರುವುದು, ಕೊಂದವನನ್ನು ಹೊಗಳದಿರುವುದು; ಮೃಗದ ಉಗುರು, ಕೊಂಬು, ಚರ್ಮಗಳನ್ನು ಕೊಳ್ಳದಿರುವುದು, ಅಕ್ರಮವಾಗಿ ಉಳಿದಿದ್ದರೆ ತಿಳಿದವರನ್ನು ವಿಚಾರಿಸಿ ಕಾಯಿದೆಯಂತೆ ನಡೆದುಕೊಳ್ಳುವುದು; ಕಾಡುಪ್ರಾಣಿಯಿಂದ ನೊಂದ ನೆರೆಯವನ ಮನೆಗೆ ಆ ದಿನವೇ ಹೋಗುವುದು. ಮೊದಲನೆಯ ಎರಡನ್ನು ನಡೆಯಿಸುವುದು ಸುಲಭ. ಮೂರನೆಯದನ್ನು ನಡೆಯಿಸಿದವನೇ ಬೇಟೆಯನ್ನು ಬೇಡವೆನ್ನಲು ಪೂರ್ಣಾಧಿಕಾರಿಯು.

ಸಕಲ ಜೀವರಾಶಿಗಳಿಗೂ ಲೇಸಾಗಲಿ.